ಪುದೀನಕ್ಕೆ ಬೇಲಿ ಕಟ್ಟುವುದು ಹೇಗೆ?

ಎಲೆ ಬಿಡಿಸಿಕೊಂಡ ಮೇಲೆ ಉಳಿದ ಪುದೀನದ ಕಡ್ಡಿಯನ್ನು ಲೋಟದ ನೀರಿನಲ್ಲಿ ನಿಲ್ಲಿಸಿಡಿ. ವಾರ, ಹತ್ತು ದಿನ ಕಳೆಯುವಷ್ಟರಲ್ಲಿ ನೀರಿನೊಳಗೆ ನೂಲಿನಂಥ ಬಿಳಿ ಬೇರುಗಳು ಇಳಿದಿರುತ್ತವೆ. ಅದನ್ನು ತೆಗೆದು ಮಣ್ಣಿಗೆ ಊರಿದರೆ ಮುಗಿಯಿತು, ಗಿಡ ಸಿದ್ಧ. ಕೈತೋಟಕ್ಕೆ ಹೊಸದಾಗಿ ಕೈಹಾಕಿದವರಿಗೆ ಇಷ್ಟು ಬೇಗ ಫಲ ತೋರಿಸುವ ಗಿಡ ಕಡಿಮೆ. ಮೊದಲ ಕೆಲವು ತಿಂಗಳು ಅದು ನೆಟ್ಟ ಜಾಗದಲ್ಲೇ ಸಾಧುವಾಗಿ ಇರುತ್ತದೆ. ಮರುವರ್ಷ ಒಳ್ಳೆಯ ಮಳೆ ಬಿದ್ದ ಮೇಲೆ ನೋಡಿದರೆ ಎರಡಡಿ ಆಚೆ ಗುಲಾಬಿಯ ಬುಡದಲ್ಲಿ ಒಂದು ಚಿಗುರು, ಇಟ್ಟಿಗೆಯ ಸಂದಿನಲ್ಲಿ ಇನ್ನೊಂದು, ಸೊಪ್ಪಿನ ಪಾತಿಯ ನಡುವೆ ನಾಲ್ಕಾರು. ಕಿತ್ತು ಹಾಕಿದರೆ ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮೊದಲಿಗಿಂತ ಹೆಚ್ಚು. ಬೆರಳು ತೋರಿಸಿದರೆ ಹಸ್ತ ನುಂಗುವುದು ಎನ್ನುತ್ತಾರಲ್ಲ, ಹಾಗೆ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಪುದೀನದ ಸಹವಾಸವೇ ಬೇಡ ಎನ್ನುವುದು, ಇಲ್ಲವೇ ತೋಟವನ್ನೇ ಅದಕ್ಕೆ ಬಿಟ್ಟುಕೊಡುವುದು. ಎರಡೂ ಬೇಕಿಲ್ಲ. ಈ ಗಿಡ ಯಾವ ಅಂಗದಿಂದ ಮುಂದೆ ಸಾಗುತ್ತದೆ ಎಂಬ ಒಂದು ಸಂಗತಿ ತಿಳಿದರೆ ಅದನ್ನು ಎಲ್ಲಿ ತಡೆಯಬೇಕೆಂಬುದೂ ತಾನಾಗಿ ಹೊಳೆಯುತ್ತದೆ.

ಹಬ್ಬುವುದೆಲ್ಲ ಆಕ್ರಮಣವೇ?

ಮೊದಲು ಎರಡು ಪದ. ಒಮ್ಮೆ ನೆಟ್ಟರೆ ಹಲವು ವರ್ಷ ಬದುಕುವ ಗಿಡ ಬಹುವಾರ್ಷಿಕ. ಚಳಿಗೋ ಬಿಸಿಲಿಗೋ ಮೇಲಿನ ಭಾಗ ಒಣಗಿದರೂ ಬುಡದಲ್ಲಿ ಜೀವ ಉಳಿದಿದ್ದು, ಕಾಲ ಬಂದಾಗ ಮತ್ತೆ ಚಿಗುರುತ್ತದೆ. ಪುದೀನ ಈ ಜಾತಿಗೆ ಸೇರಿದ್ದು.

ಎರಡನೆಯದು ‘ಆಕ್ರಮಣಕಾರಿ’. ತೋಟಗಾರರು ಈ ಪದವನ್ನು ಸಡಿಲವಾಗಿ ಬಳಸುತ್ತಾರೆ: ಹಾಕಿದ ಗೆರೆ ದಾಟಿ ಪಕ್ಕದ ಗಿಡದ ಜಾಗ ಕಸಿಯುವ ಯಾವುದೇ ಗಿಡ ಅವರಿಗೆ ಆಕ್ರಮಣಕಾರಿ. ವಿಜ್ಞಾನಿಗಳ ಬಳಕೆ ಇದಕ್ಕಿಂತ ಬಿಗಿ. ಮನುಷ್ಯರ ಮೂಲಕ ಬೇರೆ ಪ್ರದೇಶದಿಂದ ಬಂದು, ಬೇಲಿಯಾಚೆಯ ಕಾಡು, ಹುಲ್ಲುಗಾವಲು, ಕೆರೆಗಳಿಗೆ ಹಬ್ಬಿ, ಅಲ್ಲಿನ ಮೂಲ ಜೀವಿಗಳಿಗೆ ಹಾನಿ ಮಾಡುವ ಪ್ರಭೇದವನ್ನು ಮಾತ್ರ ಅವರು ಹಾಗೆ ಕರೆಯುತ್ತಾರೆ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ವೇದಿಕೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಜಗತ್ತಿನಾದ್ಯಂತ ಹೀಗೆ ಹೊರಗಿನಿಂದ ಬಂದು ನೆಲೆಯೂರಿದ ಜೀವಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕ ಎನಿಸಿದವು 3,500ಕ್ಕೂ ಹೆಚ್ಚು. ಸಸ್ಯಗಳನ್ನಷ್ಟೇ ತೆಗೆದುಕೊಂಡರೆ ಬಂದವುಗಳಲ್ಲಿ ಶೇಕಡ 6ರಷ್ಟು ಮಾತ್ರ ಆ ಪಟ್ಟಿಗೆ ಸೇರುತ್ತವೆ.

ಪುದೀನ ಹೆಚ್ಚಿನ ತೋಟಗಳಲ್ಲಿ ಮೊದಲ ಅರ್ಥದ ಆಕ್ರಮಣಕಾರಿ. ಆದರೆ ಸದಾ ತೇವವಿರುವ ಹಳ್ಳದ ದಂಡೆಯೋ ನೀರುಗಾಲುವೆಯೋ ಸಿಕ್ಕರೆ ಅದು ತೋಟ ಬಿಟ್ಟು ಹೊರಡಬಲ್ಲದು. ಹರಿಯುವ ನೀರಿನ ಪಕ್ಕದಲ್ಲಿ ಅದನ್ನು ನೆಡಬಾರದು ಎನ್ನುವುದು ಅದಕ್ಕಾಗಿಯೇ.

ನೆಲದಡಿ ನಡೆಯುತ್ತಿರುವುದೇನು?

ಹಳೆಯ ಪುದೀನದ ಬುಡದ ಮಣ್ಣನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಿ. ಪೆನ್ಸಿಲ್‌ಗಿಂತ ತೆಳ್ಳಗಿನ, ಬಿಳಿ ಅಥವಾ ನಸುಗೆಂಪು ಬಣ್ಣದ ಹುರಿಯೊಂದು ಮಣ್ಣಿನೊಳಗೆ ಅಡ್ಡಡ್ಡ ಹೋಗಿರುತ್ತದೆ. ಎಲ್ಲರೂ ಇದನ್ನು ಬೇರು ಎಂದುಕೊಳ್ಳುತ್ತಾರೆ. ಒಂದು ತುಂಡನ್ನು ತೊಳೆದು ಅಂಗೈ ಮೇಲಿಟ್ಟುಕೊಂಡರೆ ಬೇರಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಎರಡು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ತಾಗುತ್ತವೆ. ತುಳಸಿಯೂ ಸೇರಿದ ಈ ಕುಟುಂಬದ ಕಾಂಡಗಳು ಸಾಮಾನ್ಯವಾಗಿ ಚೌಕ. ಅಲ್ಲಲ್ಲಿ ಉಬ್ಬಿದ ಗಂಟುಗಳಿವೆ. ಪ್ರತಿ ಗಂಟಿನ ಎರಡೂ ಪಕ್ಕ ಎಲೆಯಾಗದೆ ಉಳಿದ ಸಣ್ಣ ಸಿಪ್ಪೆ, ಅದರ ಕಂಕುಳಲ್ಲಿ ಸಾಸಿವೆಗಿಂತ ಚಿಕ್ಕ ಮೊಗ್ಗು, ಅಡಿಯಲ್ಲಿ ಕೂದಲಿನಂಥ ನಿಜವಾದ ಬೇರುಗಳು. ಬೇರಿಗೆ ಗಂಟಾಗಲಿ ಎಲೆಯ ಗುರುತಾಗಲಿ ಇರುವುದಿಲ್ಲ. ಇದು ನೆಲದೊಳಗೆ ಮಲಗಿ ನಡೆಯುವ ಕಾಂಡ.

ಇಂಥ ನೆಲದಡಿಯ ಕಾಂಡಕ್ಕೆ ರೈಜೋಮ್ ಎಂದು ಹೆಸರು. ಶುಂಠಿ, ಅರಿಸಿನದ ಗೆಡ್ಡೆಗಳೂ ರೈಜೋಮ್‌ಗಳೇ, ದಪ್ಪಗಾಗಿವೆ ಅಷ್ಟೆ. ಮಣ್ಣಿನ ಮೇಲೆಯೇ ತೆವಳಿ ಹೋಗುವ ಕಾಂಡ ಸ್ಟೋಲನ್. ಒಂದೆಲಗದ ಬಳ್ಳಿ ಹರಿಯುವುದು ಅದರಿಂದ. ಗರಿಕೆಗೆ ಎರಡೂ ಇವೆ, ಅದನ್ನು ಕಿತ್ತು ಸೋತವರು ಎಷ್ಟೋ ಮಂದಿ. ಪುದೀನವೂ ಮಣ್ಣಿನ ಮೇಲೊಂದು, ಕೆಳಗೊಂದು ಎರಡೂ ದಾರಿ ಹಿಡಿಯುತ್ತದೆ.

ಇದರಲ್ಲಿ ಮುಖ್ಯವಾದದ್ದು ಗಂಟು, ಅಂದರೆ ಗೆಣ್ಣು. ಕಬ್ಬು ನೆಡುವವರು ಬೀಜ ಬಿತ್ತುವುದಿಲ್ಲ, ಗೆಣ್ಣಿನ ಕಣ್ಣಿರುವ ತುಂಡುಗಳನ್ನು ಮಣ್ಣಿಗೆ ಹಾಕುತ್ತಾರೆ. ಕಣ್ಣೊಡೆದು ಪೈರು ಬರುತ್ತದೆ. ಪುದೀನದ ಒಂದೊಂದು ಗೆಣ್ಣೂ ಅಂಥದೇ ಬಿತ್ತನೆ ತುಂಡು. ಒಂದೇ ಗೆಣ್ಣಿದ್ದು ಎರಡು ಮೂರು ಸೆಂಟಿಮೀಟರ್ ಉದ್ದವಿದ್ದರೂ ತೇವ ಸಿಕ್ಕರೆ ಅದರಿಂದ ಇಡೀ ಗಿಡ ಎದ್ದುಬರಬಲ್ಲದು. ನಾನು ಒಮ್ಮೆ ಒಂದು ಮೊಳ ಉದ್ದದ ರೈಜೋಮ್ ಎಳೆದು ಎಣಿಸಿದಾಗ ಹತ್ತೊಂಬತ್ತು ಗೆಣ್ಣುಗಳಿದ್ದವು. ಅದನ್ನು ಗುದ್ದಲಿಯಿಂದ ಕೊಚ್ಚಿದ್ದರೆ ಹತ್ತೊಂಬತ್ತು ಸಸಿ ನೆಟ್ಟಂತೆಯೇ.

ಯಾವುದನ್ನಾದರೂ ಪೂರ್ತಿ ಇಲ್ಲವಾಗಿಸುವುದಕ್ಕೆ ನಾವು ‘ಬೇರುಸಹಿತ ಕಿತ್ತುಹಾಕು’ ಎನ್ನುತ್ತೇವೆ. ಪುದೀನದ ಮಟ್ಟಿಗೆ ಆ ಮಾತು ದಾರಿ ತಪ್ಪಿಸುತ್ತದೆ. ಬುಡ ಹಿಡಿದು ಜಗ್ಗಿದಾಗ ಕೈಗೆ ಬರುವುದು ಮೇಲಿನ ಕಡ್ಡಿ ಮತ್ತು ಅದರ ಕೆಳಗಿನ ಒಂದು ಜೊಂಪೆ ಬೇರು. ಅಡ್ಡಡ್ಡ ಹೋದ ಕಾಂಡ ಗೆಣ್ಣಿನ ಬಳಿ ಪಟ್ಟನೆ ಮುರಿದು ಒಳಗೇ ಉಳಿಯುತ್ತದೆ. ಜೊತೆಗೆ ಕಾಂಡದ ತುದಿಯ ಮೊಗ್ಗು ಬೆಳೆಯುತ್ತಿರುವವರೆಗೆ ಹಿಂದಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಕಡಿದುಹೋದರೆ ಆ ತಡೆ ಇಲ್ಲವಾಗಿ ಮಲಗಿದ್ದ ಮೊಗ್ಗುಗಳು ಏಳುತ್ತವೆ. ಕಿತ್ತ ಮೇಲೆ ಹೆಚ್ಚಾಯಿತು ಎಂಬುದು ಬರೀ ಅನಿಸಿಕೆಯಲ್ಲ.

ಗಿಡಕ್ಕೆ ಈ ಗುಣ ಯಾಕೆ ಬಂತು? ಪುದೀನದ ಬಗೆಗಳು ಹೆಚ್ಚಾಗಿ ಒದ್ದೆ ನೆಲದ, ನೀರ ದಂಡೆಯ ಗಿಡಗಳು. ಅಲ್ಲಿ ಮಣ್ಣು ಕೊಚ್ಚಿಹೋಗುತ್ತದೆ, ಮೇಲೆ ಹೂಳು ಬೀಳುತ್ತದೆ, ದಂಡೆ ಕುಸಿಯುತ್ತದೆ. ಒಂದೇ ಕಡೆ ಆಳಕ್ಕೆ ಬೇರಿಳಿಸಿ ಕೂರುವ ಗಿಡಕ್ಕಿಂತ, ಅಡ್ಡ ಹರಿದು ಹೊಸ ತೇವದ ನೆಲ ಹಿಡಿಯುವ, ತುಂಡಾದರೂ ಕೊಚ್ಚಿಹೋದಲ್ಲಿ ಬೇರೂರುವ ಗಿಡ ಅಲ್ಲಿ ಬದುಕಿಕೊಳ್ಳುತ್ತದೆ. ನೀರು ಹಾಕಿ, ಗೊಬ್ಬರ ಕೊಟ್ಟು, ಮಣ್ಣು ಸಡಿಲ ಮಾಡಿದ ತೋಟದ ಪಾತಿ ಅದರ ಪಾಲಿಗೆ ಅಂಥದೇ ದಂಡೆ, ಅದಕ್ಕಿಂತ ಸುಖದ್ದು.

ಬೀಜವನ್ನು ನೆಚ್ಚದ ಗಿಡ

ಪೆಪ್ಪರ್‌ಮಿಂಟ್ ಎಂದು ಹೆಸರಾದ ಬಗೆಯ ಕಥೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಅದು ನೀರುಪುದೀನ ಮತ್ತು ಸ್ಪಿಯರ್‌ಮಿಂಟ್ ಎಂಬ ಎರಡು ಬಗೆಗಳ ಮಿಶ್ರತಳಿ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ 1696ರಲ್ಲಿ ಅದನ್ನು ದಾಖಲಿಸಿದರು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ ಅದನ್ನು ಸ್ವತಂತ್ರ ಪ್ರಭೇದವೆಂದು ಭಾವಿಸಿ ಹೆಸರಿಟ್ಟರು. ಬೇರೆ ಬೇರೆ ತಂದೆತಾಯಿಯರ ವರ್ಣತಂತುಗಳು ಜೋಡಿಯಾಗದ ಕಾರಣ ಅದು ಹೂ ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದಿಲ್ಲವೆಂದೇ ಹೇಳಬೇಕು. ಹಾಗಾಗಿ ಒಂದು ಪೆಪ್ಪರ್‌ಮಿಂಟ್ ಗಿಡವೆಂದರೆ ಹಿಂದಿನ ಇನ್ನೊಂದು ಗಿಡದ ತುಂಡು. ಬೀಜವಿಲ್ಲದೆಯೇ ಖಂಡಗಳನ್ನು ದಾಟಿ ಬಂದಿದೆ ಎಂದರೆ ಗೆಣ್ಣಿನ ಶಕ್ತಿ ಎಷ್ಟೆಂದು ಊಹಿಸಬಹುದು.

ಉಳಿದ ಬಗೆಗಳು ಬೀಜ ಕಟ್ಟುತ್ತವೆ, ಆದರೆ ಪುದೀನಗಳು ಒಂದರೊಡನೊಂದು ಸುಲಭವಾಗಿ ಬೆರೆಯುವುದರಿಂದ ಬೀಜದ ಸಸಿಗೆ ತಾಯಿಯ ಪರಿಮಳವೇ ಬರುತ್ತದೆಂಬ ಖಾತ್ರಿಯಿಲ್ಲ. ಇಷ್ಟವಾದ ಪರಿಮಳದ ಗಿಡ ಕಂಡರೆ ಕಡ್ಡಿ ಕೇಳಿ ತನ್ನಿ.

ಕುಂಡ: ಸುಲಭದ ಬೇಲಿ

ರೈಜೋಮ್‌ಗಳು ಹೆಚ್ಚಾಗಿ ಮಣ್ಣಿನ ಮೇಲಿನ ಒಂದು ಗೇಣಿನೊಳಗೇ ಓಡಾಡುತ್ತವೆ. ಹಾಗಾಗಿ ಪುದೀನಕ್ಕೆ ಆಳಕ್ಕಿಂತ ಅಗಲದ ಕುಂಡ ಒಪ್ಪುತ್ತದೆ. 30 ಸೆಂಟಿಮೀಟರ್ ಅಗಲ, 20ರಿಂದ 25 ಸೆಂಟಿಮೀಟರ್ ಆಳ ಇದ್ದರೆ ಒಂದು ಮನೆಗೆ ಸಾಕಾಗುವಷ್ಟು ಎಲೆ ಬರುತ್ತದೆ. ನೀರು ಬಸಿಯುವ ತೂತು ಇರಲೇಬೇಕು. ಪುದೀನಕ್ಕೆ ತೇವ ಬೇಕು, ನಿಂತ ನೀರು ಬೇಡ. ಮೇಲ್ಮಣ್ಣು ಒಣಗುತ್ತಿದ್ದಂತೆ ನೀರು ಕೊಡಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದ್ದಲ್ಲಿ ಎಲೆ ಮೃದುವಾಗಿ ಬರುತ್ತದೆ. ಸುಡುಬಿಸಿಲಿನಲ್ಲಿ ಅಂಚು ಕಪ್ಪಾಗಿ ಸುರುಟಿಕೊಳ್ಳುತ್ತದೆ.

ಕುಂಡದಲ್ಲಿ ಇಟ್ಟಮಾತ್ರಕ್ಕೆ ನಿಶ್ಚಿಂತೆ ಎಂದುಕೊಳ್ಳಬೇಡಿ. ಅದು ಹೊರಗೆ ಬರುವ ದಾರಿಗಳು ಎರಡು. ಒಂದು, ಕೆಳಗಿನ ತೂತು. ಕುಂಡವನ್ನು ನೇರ ಮಣ್ಣಿನ ಮೇಲಿಟ್ಟರೆ ತೂತಿನಿಂದ ಕಾಂಡ ಇಳಿದು ಕೆಳಗಿನ ನೆಲ ಹಿಡಿಯುತ್ತದೆ. ಕುಂಡವನ್ನು ಎತ್ತಲು ಹೋದಾಗ ಅದು ನೆಲಕ್ಕೆ ಅಂಟಿಕೊಂಡಂತೆ ಅಲುಗದಿದ್ದರೆ ಕೆಲಸ ಆಗಿಹೋಗಿದೆ ಎಂದೇ ಅರ್ಥ. ಕಲ್ಲುಚಪ್ಪಡಿ, ಕಾಂಕ್ರೀಟು ಅಥವಾ ತಟ್ಟೆಯ ಮೇಲಿಡಿ. ಎರಡು, ಮೇಲಿನ ಅಂಚು. ಉದ್ದವಾದ ಕಡ್ಡಿಗಳು ಬಾಗಿ ಕುಂಡದಾಚೆ ಜೋತುಬಿದ್ದು, ಪಕ್ಕದ ಕುಂಡದ ಒದ್ದೆ ಮಣ್ಣಿಗೆ ಗೆಣ್ಣು ತಾಗಿದರೆ ಅಲ್ಲೇ ಬೇರು ಬಿಡುತ್ತವೆ. ತಾರಸಿಯಲ್ಲಿ ಕುಂಡಗಳನ್ನು ಒತ್ತೊತ್ತಾಗಿ ಜೋಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಪುದೀನದ ಸುತ್ತ ಒಂದಡಿ ಖಾಲಿ ಬಿಡಿ. ಎರಡು ಬಗೆಯ ಪುದೀನವನ್ನು ಒಂದೇ ಕುಂಡಕ್ಕೂ ಹಾಕಬೇಡಿ, ಜೋರಿನದು ಸೌಮ್ಯವಾದದ್ದನ್ನು ಮುಗಿಸಿಬಿಡುತ್ತದೆ.

ಒಂದು ಒಂದೂವರೆ ವರ್ಷದ ಬಳಿಕ ಕುಂಡದ ಗಿಡ ಸೊರಗಿದಂತೆ ಕಾಣತೊಡಗುತ್ತದೆ: ನಡುವೆ ಬೋಳು, ಅಂಚಿನಲ್ಲಿ ಮಾತ್ರ ಚಿಗುರು. ಗೊಬ್ಬರ ಸಾಲದೆಂದು ಮತ್ತಷ್ಟು ಸುರಿಯುವುದುಂಟು. ಹಾಗೆ ಮಾಡುವ ಮೊದಲು ಕುಂಡವನ್ನು ಮಗುಚಿ ನೋಡಿ. ಮಣ್ಣಿನ ಮುದ್ದೆಯ ಸುತ್ತ ಬಿಳಿ ಕಾಂಡಗಳು ಹಗ್ಗದ ಸಿಂಬಿಯಂತೆ ಸುತ್ತು ಹಾಕಿರುತ್ತವೆ. ಹೊರಗೆ ಹೋಗಲು ಗೋಡೆ ತಡೆದು, ಗೋಡೆಗುಂಟ ಸುತ್ತಿ ಸುತ್ತಿ ನಿಂತಿವೆ. ಹಳೆಯ ಚಾಕುವಿನಿಂದ ಮುದ್ದೆಯನ್ನು ನಾಲ್ಕು ಹೋಳು ಮಾಡಿ, ಹೊರ ಅಂಚಿನ ಎಳೆಯ ಚಿಗುರಿರುವ ಒಂದು ಹೋಳನ್ನು ಹೊಸ ಮಣ್ಣಿನಲ್ಲಿ ನೆಡಿ. ಒಂದು ತಿಂಗಳೊಳಗೆ ಕುಂಡ ಮತ್ತೆ ಹಸಿರಾಗುತ್ತದೆ. ಕುಂಡದ ಪುದೀನ ಸಾಯುವುದು ಬಹುತೇಕ ಈ ಒಂದು ಕೆಲಸ ಮಾಡದೆ ಬಿಟ್ಟಾಗ.

ನೆಲದಲ್ಲೇ ಬೇಕೆಂದರೆ

ನೆಲದಲ್ಲಿ ಬೆಳೆದ ಪುದೀನದ ಸೊಂಪೇ ಬೇರೆ, ಅದನ್ನು ಒಪ್ಪುತ್ತೇನೆ. ಹಾಗೆ ಬೆಳೆಸುವವರು ನೆಡುವ ಮೊದಲೇ ತಡೆಗೋಡೆ ಹಾಕಬೇಕು. ಗಟ್ಟಿ ಪ್ಲಾಸ್ಟಿಕ್ ಹಾಳೆ, ತಗಡು ಅಥವಾ ಚಪ್ಪಡಿಯನ್ನು ಪಾತಿಯ ಸುತ್ತ 30 ಸೆಂಟಿಮೀಟರ್ ಆಳಕ್ಕೆ ಇಳಿಸಿ, 5 ಸೆಂಟಿಮೀಟರಿನಷ್ಟು ನೆಲದ ಮೇಲೆ ಕಾಣುವಂತೆ ಬಿಡಿ. ಆ ಮೇಲಿನ ಅಂಚನ್ನು ಮಣ್ಣಿನಿಂದ ಮುಚ್ಚಿ ಚೆಂದ ಮಾಡಲು ಹೋದರೆ ಸ್ಟೋಲನ್‌ಗಳಿಗೆ ಸೇತುವೆ ಕಟ್ಟಿಕೊಟ್ಟಂತೆ. ಹಾಳೆಯ ಎರಡು ತುದಿ ಸೇರುವಲ್ಲಿ ಬರೀ ತಾಗಿಸದೆ ಒಂದು ಗೇಣು ಒಂದರ ಮೇಲೊಂದು ಬರಲಿ. ಕೂದಲೆಳೆಯ ಸಂದು ಸಿಕ್ಕರೂ ಕಾಂಡ ನುಸುಳುತ್ತದೆ.

ಇಷ್ಟು ಅಗೆಯಲು ಆಗದವರು ತಳ ಕತ್ತರಿಸಿದ ದೊಡ್ಡ ಬಕೆಟ್ಟನ್ನು ಹೂಳಬಹುದು. ಗೋಡೆ ಆಳವಿದ್ದಷ್ಟೂ ಒಳ್ಳೆಯದು. ತಳವಿರುವ ಕುಂಡವನ್ನೇ ಹೂಳಿದರೆ ತಿಂಗಳಿಗೊಮ್ಮೆ ಅದನ್ನು ಅರ್ಧ ಸುತ್ತು ತಿರುಗಿಸಿ; ತೂತಿನಿಂದ ಇಳಿದ ಎಳೆಗಳು ಕಡಿದುಹೋಗುತ್ತವೆ. ಯಾವ ಗೋಡೆಯಾದರೂ ವಾರಕ್ಕೊಮ್ಮೆ ಅದರ ಹೊರಗೊಂದು ಸುತ್ತು ನಡೆಯದೆ ಆಗುವುದಿಲ್ಲ. ದಾಟಿದ ಎಳೆ ಚಿಗುರನ್ನು ಆಗಲೇ ತೆಗೆದರೆ ಅರ್ಧ ನಿಮಿಷದ ಕೆಲಸ, ಒಂದು ಮಳೆಗಾಲ ಬಿಟ್ಟರೆ ಒಂದು ದಿನದ ಕೆಲಸ.

ಕೊಯ್ಯುವುದೂ ಹತೋಟಿಯೇ

ಕಡ್ಡಿ ಒಂದು ಗೇಣು ಆದಾಗ ಒಂದು ಜೊತೆ ಎಲೆಯ ಸ್ವಲ್ಪ ಮೇಲೆ ಕತ್ತರಿಸಿ. ಆ ಎಲೆಗಳ ಕಂಕುಳಿಂದ ಎರಡು ಹೊಸ ಕುಡಿ ಹೊರಡುತ್ತವೆ, ಗಿಡ ಉದ್ದ ಹರಿಯುವ ಬದಲು ಪೊದೆಯಾಗುತ್ತದೆ. ಆಗಾಗ ಕೊಯ್ಯುತ್ತಿದ್ದರೆ ಜೋತುಬೀಳುವ ಕಡ್ಡಿಯೂ ಇರುವುದಿಲ್ಲ, ಹೂವೂ ಬರುವುದಿಲ್ಲ. ಹೂ ಬಿಟ್ಟರೆ ಜೇನಿಗೆ ಹಬ್ಬ, ಆದರೆ ಎಲೆ ಬಿರುಸಾಗುತ್ತದೆ. ಬೀಜ ಕಟ್ಟುವ ಬಗೆಯಾದರೆ ಹರಡಲು ಇನ್ನೊಂದು ದಾರಿಯೂ ತೆರೆಯುತ್ತದೆ.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಸಾರಜನಕ ಹೆಚ್ಚಾದರೆ ಎಲೆ ದೊಡ್ಡದಾಗಿ ಮೆತ್ತಗಾಗುತ್ತದೆ, ಪರಿಮಳ ತೆಳುವಾಗುತ್ತದೆ. ಪರಿಮಳವಿರುವುದು ಎಲೆಯ ಮೈಮೇಲಿನ ಸೂಕ್ಷ್ಮ ಎಣ್ಣೆ ಗ್ರಂಥಿಗಳಲ್ಲಿ, ಗಿಡ ಅದನ್ನು ಮಾಡಿಕೊಂಡಿರುವುದು ಕೀಟಗಳನ್ನು ದೂರವಿಡಲು. ಪೆಪ್ಪರ್‌ಮಿಂಟಿನ ಎಣ್ಣೆಯಲ್ಲಿರುವ ಮೆಂಥಾಲ್ ನಮ್ಮ ನರತುದಿಗಳಲ್ಲಿ ಚಳಿಯನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನು ಚಾಲೂ ಮಾಡುತ್ತದೆ, ಅದಕ್ಕೇ ಬಾಯಿಗೆ ತಂಪೆನಿಸುವುದು. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಎಂಬ ವಿಜ್ಞಾನಿಗಳು ಆ ಗ್ರಾಹಕವನ್ನು ಬೇರೆ ಬೇರೆಯಾಗಿ ಪತ್ತೆಹಚ್ಚಿದ್ದು ಮೆಂಥಾಲನ್ನೇ ಬಳಸಿ. ಬಿಸಿ, ತಂಪು, ಸ್ಪರ್ಶದ ಗ್ರಾಹಕಗಳ ಕುರಿತ ಕೆಲಸಕ್ಕೆ ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು.

ಕೊಯ್ಯುವಾಗ ಎಲೆಯ ಹಿಂಭಾಗವನ್ನು ಒಮ್ಮೆ ನೋಡಿ. ಕಿತ್ತಳೆ ಬಣ್ಣದ ಪುಡಿಯ ಚುಕ್ಕೆ ಇದ್ದರೆ ಅದು ತುಕ್ಕು ರೋಗ, ಪಕ್ಸೀನಿಯ ಎಂಬ ಶಿಲೀಂಧ್ರದ್ದು. ಆ ಕಡ್ಡಿಗಳನ್ನು ಬುಡದವರೆಗೆ ಕತ್ತರಿಸಿ ತೋಟದಿಂದ ಹೊರಹಾಕಿ, ಎಲೆಯ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಿ, ಅಂಥ ಗಿಡದ ತುಂಡನ್ನು ಯಾರಿಗೂ ಕೊಡಬೇಡಿ.

ಎಲ್ಲ ಗಿಡಕ್ಕೂ ಒಂದೇ ಬೇಲಿಯಲ್ಲ

ಹಬ್ಬುವ ಮೂಲಿಕೆ ಯಾವುದೇ ಇರಲಿ, ಅದು ಯಾವುದರಿಂದ ಹಬ್ಬುತ್ತದೆ ಎಂದು ಮೊದಲು ತಿಳಿಯಬೇಕು. ನಿಂಬೆಯ ಪರಿಮಳದ ಲೆಮನ್ ಬಾಮ್ ಪುದೀನದ ನೆಂಟನೇ, ಆದರೆ ಹೆಚ್ಚಾಗಿ ಹರಡುವುದು ಬೀಜದಿಂದ. ಅದಕ್ಕೆ ನೆಲದಡಿ ಗೋಡೆ ಕಟ್ಟಿ ಪ್ರಯೋಜನವಿಲ್ಲ, ಹೂ ಕತ್ತರಿಸಬೇಕು. ಕಾಂಫ್ರೆ ಎಂಬ ಗಿಡದ ಬೇರು ಆಳಕ್ಕೆ ಇಳಿಯುತ್ತದೆ, ಬೇರಿನ ತುಂಡೇ ಚಿಗುರುತ್ತದೆ. ಅದನ್ನು ನೆಡುವ ಮೊದಲು ಆ ಜಾಗ ಕಾಯಂ ಅದಕ್ಕೇ ಎಂದು ಒಪ್ಪಿಕೊಂಡಿರಬೇಕು.

ಕೈಮೀರಿ ಹೋಗಿದ್ದರೆ

ಮೊದಲು ಗುದ್ದಲಿ, ಟಿಲ್ಲರ್ ಬದಿಗಿಡಿ. ಕೊಚ್ಚಿದಷ್ಟೂ ಗೆಣ್ಣುಗಳು ಹಂಚಿಹೋಗುತ್ತವೆ. ಹಿಂದಿನ ದಿನ ನೀರು ಹಾಯಿಸಿ ಮಣ್ಣು ಹದಕ್ಕೆ ಬಂದ ಮೇಲೆ, ಮುಳ್ಳುಗಳಿರುವ ತೋಟದ ಫೋರ್ಕ್‌ನಿಂದ ಹೊರ ಅಂಚಿನಿಂದ ಒಳಗೆ ಬನ್ನಿ. ನಡುವಿನಿಂದ ಶುರು ಮಾಡಿದರೆ ಹೊರಟುಹೋದ ಕಾಂಡಗಳ ತುದಿ ಎಲ್ಲಿದೆ ಎಂದೇ ತಿಳಿಯದು. ಮಣ್ಣನ್ನು ಮೇಲೆತ್ತಿ ಸಡಿಲಿಸಿ, ಬಿಳಿ ಹುರಿ ಕಂಡಾಗ ಜಗ್ಗದೆ, ಸ್ವೆಟರಿನ ಎಳೆ ಬಿಚ್ಚುವ ಹಾಗೆ ಅದರ ಹಾದಿಯಲ್ಲೇ ಕೈ ಸರಿಸುತ್ತ ಹೋಗಿ. ಸಡಿಲಾದ ಮಣ್ಣನ್ನು ಬೆರಳಾಡಿಸಿ ತುಂಡುಗಳನ್ನು ಆರಿಸಿ.

ಎಷ್ಟು ಜೋಪಾನ ಮಾಡಿದರೂ ಕೆಲವು ಉಳಿಯುತ್ತವೆ. ಅದಕ್ಕೆ ಎದೆಗುಂದಬೇಕಿಲ್ಲ. ಉಳಿದ ತುಂಡಿನಲ್ಲಿ ಕೂಡಿಟ್ಟ ಆಹಾರ ಅಲ್ಪ. ಚಿಗುರು ಬಂದು ಎಲೆಯಗಲಿ ಬಿಸಿಲು ಹಿಡಿದು ಆ ಸಾಲ ತೀರಿಸುವ ಮುಂಚೆಯೇ ಕಿತ್ತರೆ ಅದು ಇನ್ನಷ್ಟು ಬಡವಾಗುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ, ಒಂದು ಇಡೀ ಬೆಳೆಗಾಲ ಹೀಗೆ ಮಾಡಿದರೆ ನೆಲ ತೆರವಾಗುತ್ತದೆ. ನಡುವೆ ಎರಡು ತಿಂಗಳು ಬಿಟ್ಟರೆ ಮತ್ತೆ ಮೊದಲಿನಿಂದ.

ಅಗೆಯುವ ತ್ರಾಣವಿಲ್ಲದವರಿಗೆ ಮುಚ್ಚಿಡುವುದು ಇನ್ನೊಂದು ದಾರಿ. ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೆಳಕು ತೂರದ ಕಪ್ಪು ಹಾಳೆ ಅಥವಾ ಎರಡು ಮೂರು ಪದರ ದಪ್ಪ ರಟ್ಟು ಹಾಸಿ, ಮೇಲೆ ಒಣ ಎಲೆಯೋ ಕಲ್ಲೋ ಹೇರಿ. ಹಾಸು ಗಿಡ ಇರುವಲ್ಲಿಗಿಂತ ಒಂದೂವರೆ ಅಡಿ ಆಚೆಗೂ ಚಾಚಿರಬೇಕು, ಯಾಕೆಂದರೆ ಕಾಂಡ ಬೆಳಕು ಹುಡುಕಿಕೊಂಡು ಅಂಚಿಗೆ ಹೋಗುತ್ತದೆ. ಕುದಿನೀರು, ವಿನೆಗರ್ ಸುರಿಯುವ ಸಲಹೆ ಆಗಾಗ ಕೇಳಿಬರುತ್ತದೆ. ಮೇಲಿನ ಎಲೆ ಸುಟ್ಟಂತಾಗಿ ಗೆದ್ದೆವೆನಿಸುತ್ತದೆ, ಅಡಿಯ ರೈಜೋಮ್‌ಗೆ ಅದು ಅಷ್ಟಾಗಿ ತಾಗುವುದಿಲ್ಲ.

ಕಿತ್ತ ರಾಶಿಯನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಎಸೆಯಬೇಡಿ. ಮನೆಯ ಗುಂಡಿ ಗೆಣ್ಣು ಸಾಯುವಷ್ಟು ಬಿಸಿಯಾಗುವುದು ಅಪರೂಪ, ಮುಂದೆ ಆ ಗೊಬ್ಬರ ಹರಡಿದ ಪಾತಿಗಳಲ್ಲೆಲ್ಲ ಪುದೀನ ಏಳುತ್ತದೆ. ಚರಂಡಿಗೆ, ಹಳ್ಳಕ್ಕೆ, ಖಾಲಿ ಜಾಗಕ್ಕೆ ಹಾಕುವುದಂತೂ ಸಲ್ಲದು. ಕಾಂಕ್ರೀಟಿನ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಬಿಡಿ. ಮುರಿದರೆ ಒಣಕಡ್ಡಿಯಂತೆ ಲಟಕ್ಕೆನ್ನುವಷ್ಟು ಒಣಗಿದ ಮೇಲೆ ಗುಂಡಿಗೆ ಹಾಕಬಹುದು. ಮಳೆಗಾಲವಾದರೆ ಕಪ್ಪು ಚೀಲದಲ್ಲಿ ಬಾಯಿ ಬಿಗಿದು, ಒಳಗಿನದು ಪೂರ್ತಿ ಕೊಳೆಯುವವರೆಗೆ ಇಡಿ.

ಒಣಗಲು ಹಾಕುವ ಮುನ್ನ ರಾಶಿಯಿಂದ ದಪ್ಪನೆಯ, ಬಿಳುಪಾದ, ಮೂರು ಗೆಣ್ಣಿರುವ ಒಂದು ತುಂಡನ್ನು ಎತ್ತಿಟ್ಟುಕೊಳ್ಳಿ. ಅಗಲದ ಕುಂಡದಲ್ಲಿ ಎರಡು ಬೆರಳು ಆಳಕ್ಕೆ ಅಡ್ಡಲಾಗಿ ಮಲಗಿಸಿ ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಕುಂಡವನ್ನು ಚಪ್ಪಡಿಯ ಮೇಲಿಡಿ.